ಅಂಚು ಕೊಯ್ದ ನಿಘಂಟು

“ಯಾರ್ ಹೇಳಿದ್ರಲೇ ನಿನಗ ಅಂಚು ಕೊಯ್ಯಾಕ? ಕಣ್ಣ ಕಾಣತಾವೋ ಇಲ್ಲೋ?” ಅಂದಾನೆಪ್ಪ ಮಾಸ್ತರರು ನನ್ನನ್ನು ಮೇಜಿಗೆ ಅಪ್ಪಳಿಸಿದರು.

“ಅಂಚು ಕೊಯ್ಯದ ಬೈಂಡ ಮುಗಿಯೂದ ಇಲ್ರಿ, ಮಾಸ್ತರ್ರ. ಮೂರೂ ಕಡೆ ಒಂದೊಂದ ಬೆರಳ ತಗದೇನಿ. ಯಾರೋ ಗೀಚಿದ್ದು ಹೋಗಿ ಚಂದ ಕಾಣಲಿ ಅಂತ…” ಎಂದ, ಬೈಂಡು ಹಾಕುವ ದಾವಲಸಾಬ.

ಆ ಗೀಚಿದ್ದರಲ್ಲೇ ನನ್ನ ಜೀವವಿತ್ತು.

ನಾನು ಒಂದು ಇಂಗ್ಲಿಷ್ ನಿಘಂಟು. ಮದರಾಸಿನಲ್ಲಿ ಅಚ್ಚಾದೆ. ಧಾರವಾಡದ ವಕೀಲರೊಬ್ಬರು ನನ್ನನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಿ, ಸಾಯುವವರೆಗೂ ತೆರೆಯಲಿಲ್ಲ. ಮಕ್ಕಳು ರದ್ದಿಗೆ ಹಾಕಿದರು. ಅಲ್ಲಿಂದ ನನ್ನನ್ನೆತ್ತಿ ಲಕ್ಷ್ಮೇಶ್ವರಕ್ಕೆ ತಂದವರು ಈ ಮಾಸ್ತರರು. ಮೂಗಿನ ತುದಿಯಲ್ಲೇ ಸಿಟ್ಟು.

ಮೊದಲ ದಿನವೇ ‘ಗನ್ನಿ’ ಎಂಬ ಶಬ್ದದ ಮೇಲೆ ಬೆರಳಿಟ್ಟರು. ಇಂಗ್ಲಿಷಿನವರು ಗೋಣಿತಾಟಿಗೆ ಇಟ್ಟುಕೊಂಡ ಹೆಸರು ಅದು. ಹಿಂದಿಯಿಂದ ಬಂತು, ಅದಕ್ಕೂ ಹಿಂದೆ ಸಂಸ್ಕೃತ ಎಂದು ನನ್ನಲ್ಲಿ ಒಂದೇ ಸಾಲಿದೆ.

“ಇದು ನಮ್ಮ ಗೋಣಿನ ಅಲ್ಲೇನು? ಗೋಣಿ ನೇಯ್ದವರನ್ನ ಒಬ್ಬರನ್ನರ ಕೇಳ್ಯಾರೇನು ಇವರು?” ಎಂದು ನನಗೇ ಬೈದರು. ಅರ್ಥ ಬರೆದವರು ಲಂಡನ್ನಿನಲ್ಲೋ ಇನ್ನೆಲ್ಲೋ. ಬೈಗುಳ ಮಾತ್ರ ನನಗೆ.

ಹದಿನೆಂಟು ವರ್ಷ ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ಅಲೆದರು. ಪುಂಡಿನಾರು ಹೊಸೆದು ಗೋಣಿ ನೇಯುತ್ತಿದ್ದ ಮುದುಕರ ಮುಂದೆ ಕುಳಿತು, ಅವರಾಡಿದ್ದನ್ನೆಲ್ಲ ನನ್ನ ಅಂಚಿನಲ್ಲಿ ಇರುವೆಸಾಲಿನಂತೆ ಬರೆದರು. ಬೇರೆ ವಹಿ ಮಾಡಲಿಲ್ಲ. ಶಬ್ದದ ಮಗ್ಗುಲಲ್ಲೇ ಸಾಕ್ಷಿ ಇರಬೇಕೆಂಬ ಹಟ. ಆ ಪುಟ ತುಂಬಿತು. ಹಿಂದುಮುಂದಿನ ಪುಟಗಳಿಗೂ ಹರಿದರು. ಹೇಳಿದವರೆಲ್ಲ ಒಬ್ಬೊಬ್ಬರಾಗಿ ಮಣ್ಣಾದರು.

ಅಲೆದಲೆದು ನನ್ನ ಬೆನ್ನು ಕಿತ್ತುಬಂತು. ದಾವಲಸಾಬನ ಕೈಗೆ ಬಂದೆ. ಕತ್ತಿ ಇಳಿಯುವಾಗ ಕೂಗಬೇಕೆನಿಸಿತು. ಹೊಟ್ಟೆಯಲ್ಲಿ ನಲವತ್ತು ಸಾವಿರ ಶಬ್ದಗಳಿದ್ದೂ ಒಂದನ್ನೂ ಆಡಲಾರೆ. ಇಂಥ ಬದುಕಿಗೆ ಬೆಂಕಿ ಹಾಕಬೇಕು!

ಬೈಗುಳ ಕೇಳಿ ದಾವಲಸಾಬ ಕೊಯ್ದ ಚೂರುಗಳ ಚೀಲವನ್ನು ನೆಲಕ್ಕೆ ಸುರಿದು ಮಂಡಿಯೂರಿದ. “ಜೋಡಸೂಣ್ರಿ, ಮಾಸ್ತರ್ರ.”

ಮಾಸ್ತರರು ಒಂದು ಎಳೆ ಎತ್ತಿದರು. “ಬಾಳವ್ವ ಹೇಳಿದ್ದು…” ಎಂದು ಓದಿ ನಿಂತರು. ಮುಂದಿನದು ಕತ್ತಿಯ ಬಾಯಿಗೆ ಸಿಕ್ಕಿ ಪುಡಿಯಾಗಿತ್ತು.

“ಆಕಿ ಏನಂದಿದ್ಲಂತ ನೆನಪಿಲ್ಲೇನ್ರಿ?”

“ನೆನಪ ಇರೂದಾಗಿದ್ರ ಬರದ ಇಡತಿದ್ನೇನಲೇ?”

ಮಾಸ್ತರರು ಚಪ್ಪಲಿ ಮೆಟ್ಟಿದರು. “ಪುಸ್ತಕರೀ, ಮಾಸ್ತರ್ರ!” ಎಂದು ದಾವಲಸಾಬ ನನ್ನನ್ನು ಎದೆಗವಚಿಕೊಂಡು ರಸ್ತೆಯವರೆಗೂ ಓಡಿದ. ಅವರು ತಿರುಗಿ ನೋಡಲಿಲ್ಲ.

ದಾವಲಸಾಬನ ಅಂಗಡಿಯಲ್ಲೇ ಉಳಿದು ಆರು ವರ್ಷವಾಯಿತು. ಅಂಟು ಒಣಗುವ ತನಕ ಬೇರೆ ಪುಸ್ತಕಗಳ ಮೇಲೆ ಭಾರಕ್ಕೆ ಕೂರುವುದೇ ನನ್ನ ಕೆಲಸ. ‘ಗನ್ನಿ’ಯ ಪಕ್ಕದಲ್ಲಿ ಅದೇ ಒಂದು ಸಾಲು. ಅದಷ್ಟೇ ನಿಜವೆಂಬಂತೆ ಬಿದ್ದಿದ್ದೇನೆ. ಅಲ್ಲವೆಂದು ಬೈಯಲು ಮಾಸ್ತರರು ಮತ್ತೆ ಬರಲಿಲ್ಲ.