ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಾನು ಒಂದು ಸ್ಟೀಲಿನ ಡಬ್ಬಿ. ಹುಟ್ಟಿದ್ದೇ ಒಂದು ಏಟಿನಿಂದ. ಯಾರ ತಂಟೆಗೂ ಹೋಗದೆ ಚಪ್ಪಟೆಯಾಗಿ ಮಲಗಿದ್ದ ತಗಡು ನಾನು. ನನ್ನ ಮೇಲೆ ಒಂದು ದೊಡ್ಡ ಯಂತ್ರ ಧಡಾರೆಂದು ಬಂದು ಕೂತಿತು. ಕಣ್ಣು ಬಿಟ್ಟು ನೋಡಿದರೆ ನನಗೊಂದು ಹೊಟ್ಟೆ ಬಂದಿತ್ತು! ಆ ಗಾಬರಿ ಇಳಿಯುವ ಮೊದಲೇ ಯಾರೋ ಹಿಡಿಕೆ ಬೆಸೆದರು, ಇನ್ಯಾರೋ ತಲೆಯ ಮೇಲೆ ಮುಚ್ಚಳ ಒತ್ತಿದರು. ನನ್ನನ್ನು ಗಾಬರಿಬುರುಕ ಎಂದು ನಗುವವರು ಹೀಗೆ ಒಮ್ಮೆ ಹುಟ್ಟಿ ನೋಡಲಿ.

ಗದಗಿನ ಬಜಾರದ ಒಂದು ಪಾತ್ರೆ ಅಂಗಡಿಯಲ್ಲಿ ಕೆಲವು ಕಾಲ ಹೊಳೆಯುತ್ತಾ ಕೂತಿದ್ದೆ. ಒಂದು ದಿನ ಎತ್ತರದ, ಗಟ್ಟಿ ದನಿಯ ಹೆಂಗಸೊಬ್ಬಳು ಬಂದು ನನ್ನ ಬೆನ್ನಿಗೆ ಬೆರಳಿನ ಗೆಣ್ಣಿನಿಂದ ಠಣ್ ಎಂದು ಬಾರಿಸಿದಳು. ಮುಚ್ಚಳ ಎಳೆದು ನೋಡಿದಳು. "ಬಿಗಿ ಐತಿ. ಸಾರು ಚೆಲ್ಲೂದಿಲ್ಲ. ಹೆಸರು ಹಾಕಿ ಕೊಡ್ರಿ," ಎಂದಳು. ಅಂಗಡಿಯವನು ಗುಂಯ್‌ಗುಡುವ ಸೂಜಿಯೊಂದನ್ನು ತಂದು ನನ್ನ ಹೊಟ್ಟೆಯ ಮೇಲೆ 'ಸಾವಂತ್ರವ್ವ' ಎಂದು ಕೊರೆದ. ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ನನ್ನನ್ನು ಯಾರಾದರೂ ಇಷ್ಟು ಖಡಾಖಂಡಿತವಾಗಿ ತಮ್ಮದು ಎಂದುಕೊಳ್ಳುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಸಾವಂತ್ರವ್ವನ ಮನೆ ಬೆಟಗೇರಿಯ ಒಂದು ಕಿರಿದಾದ ಓಣಿಯಲ್ಲಿತ್ತು. ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ನಳದಲ್ಲಿ ನೀರು ಬಂದಾಗ ಕೊಡ ಮುಂದೆ ತಳ್ಳಿದವರ ವಂಶವನ್ನೇ ಅವಳು ಜಾಲಾಡಿಬಿಡುತ್ತಿದ್ದಳು. ಆದರೆ ಅವಳ ಒಲೆಯ ಮೇಲೆ ಏನು ಬೆಂದರೂ ಅದರಲ್ಲಿ ಒಂದು ಪಾಲು ನನ್ನ ಹೊಟ್ಟೆಗೆ ಬೀಳುತ್ತಿತ್ತು. ಇವತ್ತು ಝುಣಕ, ನಾಳೆ ಹೆಸರುಕಾಳಿನ ಉಸುಳಿ, ಹಬ್ಬ ಬಂದರೆ ಗೋಧಿ ಹುಗ್ಗಿ. ನನ್ನ ಕೆಲಸ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು. ವಾಪಸ್ ಬರುವಾಗಲೂ ನಾನು ಖಾಲಿ ಇರುತ್ತಿರಲಿಲ್ಲ. ನೆರೆಯ ಹಸೀನಾಳ ಮನೆಯಿಂದ ಬಂದರೆ ಹೊಟ್ಟೆಯಲ್ಲಿ ಶೇಂಗಾ, ಇನ್ನೊಬ್ಬರ ಮನೆಯಿಂದ ಬಂದರೆ ಬೆಲ್ಲದ ಚೂರು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಬೇಕು. ಖಾಲಿ ಡಬ್ಬಿ ವಾಪಸ್ ಕೊಡಬಾರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಆದರೆ ಮುರಿದವರನ್ನೂ ನಾನು ನೋಡಿರಲಿಲ್ಲ.

ಓಣಿಯ ಕೊನೆಯ ಮನೆ ನೀಲವ್ವನದು. ಸಣ್ಣ ವಯಸ್ಸು, ಮೆಲ್ಲನೆಯ ಮಾತು. ಗಂಡ ಶೇಖಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸಗಾರ. ಇವರಿಗೆ ಅಕ್ಷತಾ ಎಂಬ ಪುಟ್ಟ ಮಗಳು. ಆ ಮನೆಗೆ ಹೋಗುವುದೆಂದರೆ ನನಗೆ ಖುಷಿ, ಏಕೆಂದರೆ ನೀಲವ್ವ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅವಳ ಕೈಯಿಂದ ಬಂದ ದಿನ ನಾನು ಅಂಗಡಿಯಲ್ಲಿದ್ದಾಗಿನಂತೆ ಹೊಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಶೇಖಪ್ಪ ಮೂರನೇ ಅಂತಸ್ತಿನ ಗೋಡೆಗೆ ಬಣ್ಣ ಹಚ್ಚುತ್ತಿದ್ದಾಗ ಕಾಲಡಿಯ ಹಲಗೆ ಜಾರಿತು. ಸುದ್ದಿ ಓಣಿಗೆ ಬಂದಾಗ ಸಾವಂತ್ರವ್ವನ ಕೈಯಲ್ಲಿದ್ದ ಸೌಟು ನನ್ನ ಮುಚ್ಚಳದ ಮೇಲೆಯೇ ಬಿತ್ತು. ಅವನು ಸಾಯಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವನನ್ನು ಮನೆಗೆ ಕರೆತಂದಾಗ ಬೆನ್ನಡಿಯ ಹಾಸಿಗೆಯಲ್ಲದೆ ಬೇರೆ ಪ್ರಪಂಚ ಅವನಿಗೆ ಉಳಿದಿರಲಿಲ್ಲ. ಮತ್ತೆ ಎದ್ದು ನಡೆಯುತ್ತಾನೋ ಇಲ್ಲವೋ, ಡಾಕ್ಟರು ಬಾಯಿ ಬಿಟ್ಟು ಹೇಳಲಿಲ್ಲವಂತೆ. ಅವನನ್ನು ಎತ್ತಿ ಮಲಗಿಸುವವರು ಬೇಕಾದ್ದರಿಂದ ನೀಲವ್ವನೂ ಎಲ್ಲಿಗೂ ಕೆಲಸಕ್ಕೆ ಹೋಗುವಂತಿರಲಿಲ್ಲ.

ಅಂದಿನಿಂದ ನನಗೆ ಬಿಡುವೇ ಇಲ್ಲ. ನಾನೊಬ್ಬನೇ ಅಲ್ಲ, ಹಸೀನಾಳ ಮನೆಯ ಟಿಫಿನ್ ಕ್ಯಾರಿಯರ್, ಎದುರು ಮನೆಯ ಬೋಗುಣಿ, ಯಾರದೋ ಕಿವಿ ಮುರಿದ ಪಾತೇಲಿ, ಎಲ್ಲವೂ ಸರತಿಯಲ್ಲಿ ನಿಂತು ಆ ಮನೆಯ ಹೊಸ್ತಿಲು ದಾಟಿದವು. ಮೊದಮೊದಲು ನೀಲವ್ವ ನಮ್ಮನ್ನೆಲ್ಲ ತಿಕ್ಕಿ, ಒಂದಿಷ್ಟು ಸಕ್ಕರೆ ಹಾಕಿ ಕಳಿಸಿದಳು. ಸಕ್ಕರೆ ಕಡಿಮೆಯಾಗುತ್ತಾ ಬಂತು. ಅವರ ಮನೆಯಲ್ಲಿ ಚಹಾ ನಿಂತು ಎಷ್ಟೋ ದಿನಗಳಾಗಿವೆ ಎಂದು ನನಗೆ ಆಮೇಲೆ ಗೊತ್ತಾಯಿತು. ಆ ಸಕ್ಕರೆಯನ್ನು ಅವಳು ನಮಗಾಗಿಯೇ ಉಳಿಸಿಟ್ಟಿದ್ದಳು.

ಒಂದು ದಿನ ಅವಳು ಸಕ್ಕರೆ ಭರಣಿಯ ತಳವನ್ನು ಉಗುರಿನಿಂದ ಕೆರೆದಳು. ಏನೂ ಬರಲಿಲ್ಲ. ನನ್ನನ್ನು ತೊಳೆದು, ಸೆರಗಿನಿಂದ ಒರೆಸಿ, ಗೋಡೆಯ ಹಲಗೆಯ ಮೇಲೆ ಬೋರಲು ಹಾಕಿದಳು. ನಾಳೆ ಕಳಿಸುತ್ತಾಳೆ ಎಂದುಕೊಂಡೆ. ಮರುದಿನ ಹಸೀನಾಳ ಟಿಫಿನ್ ನನ್ನ ಪಕ್ಕಕ್ಕೆ ಬಂದು ಕೂತಿತು. ಆಮೇಲೆ ಬೋಗುಣಿ. ಆಮೇಲೆ ಪಾತೇಲಿ. ಇವಳು ನಮ್ಮನ್ನು ಇಟ್ಟುಕೊಳ್ಳುತ್ತಿದ್ದಾಳೆ! ಹೊಟ್ಟೆಯ ಮೇಲೆ ಇನ್ನೊಬ್ಬರ ಹೆಸರಿದ್ದರೂ ನಾಚಿಕೆಯಿಲ್ಲದೆ ಇಟ್ಟುಕೊಳ್ಳುತ್ತಿದ್ದಾಳೆ! ಹೊರಗೆ ನಳದ ಹತ್ತಿರವೂ ಯಾರೋ ಅದನ್ನೇ ಹೇಳಿದ್ದು ಕಿಟಕಿಯಿಂದ ಕೇಳಿಸಿತು. "ಕೊಟ್ಟ ಡಬ್ಬಿ ಕೊಟ್ಟಲ್ಲೇ ಹೋತು. ಪಾಪ ಅಂತ ಹೋದ್ರ ಪಾತ್ರಿನೂ ನುಂಗ್ತಾಳಲ್ಲ." ಸರಿಯಾಗಿ ಹೇಳಿದಳು ಎಂದುಕೊಂಡೆ. ಹೌದು, ನಾನು ಹಾಗೇ ಅಂದುಕೊಂಡೆ.

ನನ್ನ ಬುದ್ಧಿಗೆ ಪೆಟ್ಟು ಬಿದ್ದದ್ದು ಅದರ ನಂತರ. ಹಸೀನಾ ಬಿಸಿ ಅನ್ನದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ನೀಲವ್ವ ಬಾಗಿಲನ್ನು ಅರ್ಧ ಮಾತ್ರ ತೆರೆದು, "ಬ್ಯಾಡ್ರೀ ಅಕ್ಕಾರ, ನಮ್ಮದೆಲ್ಲಾ ಊಟ ಆತು," ಎಂದು ಮುಚ್ಚಿದಳು.

ಒಳಗಿನಿಂದ ಅಕ್ಷತಾ ಕೇಳಿದಳು: "ಯವ್ವಾ, ನಾವು ಯಾವಾಗ ಉಂಡಿವಿ?"

ನೀಲವ್ವ ನಮ್ಮ ಹಲಗೆಯ ಮುಂದೆ ಬಂದು ನಿಂತು ಒಂದೊಂದನ್ನೂ ಎತ್ತಿ, ಒಳಗೆ ನೋಡಿ, ಮತ್ತೆ ಬೋರಲು ಹಾಕಿದಳು. "ಇವನ್ನ ಹೆಂಗ ಖಾಲಿ ಕೊಡ್ಲಿ?" ಎಂದು ತನಗೆ ತಾನೇ ಹೇಳಿಕೊಂಡಳು. ಹಾಸಿಗೆಯ ಮೇಲಿದ್ದ ಶೇಖಪ್ಪ ಮುಖವನ್ನು ಗೋಡೆಗೆ ತಿರುಗಿಸಿದ. ನಾನು ದಂಗಾಗಿಹೋದೆ. ಕಳ್ಳಿ ಎಂದುಕೊಂಡಿದ್ದೆನಲ್ಲ! ಇವಳು ಇನ್ನೊಬ್ಬರ ಪಾತ್ರೆ ಖಾಲಿ ಕೊಡುವುದಕ್ಕಿಂತ ಉಪವಾಸವೇ ವಾಸಿ ಎಂದು ಕೂತಿದ್ದಳು. ಹೊಸ ಪಾತ್ರೆ ಒಳಗೆ ಬರದಿದ್ದರೆ ಹೊಸ ಭಾರವೂ ಬರುವುದಿಲ್ಲ, ಅಷ್ಟೇ ಅವಳ ಲೆಕ್ಕ. ಆದರೆ ಆ ಲೆಕ್ಕದಲ್ಲಿ ಮಗುವಿನ ಹೊಟ್ಟೆ ಖಾಲಿ ಉಳಿಯುತ್ತಿತ್ತು, ಹಾಸಿಗೆ ಹಿಡಿದವನ ಮೂಳೆ ಕೂಡಬೇಕಾದರೆ ಬೇಕಾದ ಊಟವೂ ಇರಲಿಲ್ಲ. ಬಾಗಿಲು ಹೀಗೇ ಮುಚ್ಚಿದ್ದರೆ ಈ ಮನೆ ಉಳಿಯುವುದಿಲ್ಲ ಎಂದು ಡಬ್ಬಿಯಾದ ನನಗೂ ತಿಳಿಯಿತು.

ಮರುದಿನ ಸಾವಂತ್ರವ್ವ ಬಂದಳು. ಅವಳು ಬಾಗಿಲು ತಟ್ಟುವವಳಲ್ಲ, ತಳ್ಳುವವಳು. ನೇರವಾಗಿ ಅಡುಗೆಮನೆಗೆ ನುಗ್ಗಿದಳು. ತಣ್ಣಗಿದ್ದ ಒಲೆಯನ್ನು ನೋಡಿದಳು. ಆಮೇಲೆ ಹಲಗೆಯ ಮೇಲೆ ಸಾಲಾಗಿ ಬೋರಲು ಬಿದ್ದು ಫಳಫಳ ಹೊಳೆಯುತ್ತಿದ್ದ ಓಣಿಯ ಪಾತ್ರೆಗಳನ್ನೆಲ್ಲ ನೋಡಿದಳು. ನೀಲವ್ವ ತಲೆ ತಗ್ಗಿಸಿ ನಿಂತಳು. ಈಗ ಆ ಬಾಯಿ ತೆರೆಯುತ್ತದೆ, ಇನ್ನು ಇವಳ ಗತಿ ಮುಗಿಯಿತು ಎಂದು ನಾನು ನಡುಗಿದೆ. ಸಾವಂತ್ರವ್ವ ನನ್ನನ್ನು ಎತ್ತಿಕೊಂಡಳು. ತಿರುಗಿಸಿ ಒಳಗೆ ನೋಡಿದಳು. ಬಹಳ ಹೊತ್ತು ನೋಡುತ್ತಲೇ ಇದ್ದಳು.

"ನೀಲಾ," ಎಂದಳು ಕೊನೆಗೆ, "ನಿನ್ನ ಬಚ್ಚಲದ ಹಿಂದ ಕರಿಬೇವಿನ ಗಿಡ ಐತೆಲ್ಲ, ಚಲೋ ಐತೇನು?"

"ಐತ್ರಿ."

"ನಮ್ಮದಕ್ಕ ಹುಳ ಹತ್ತಿ ಒಣಗಿ ಹೋತವ್ವ. ಒಗ್ಗರಣಿ ಹಾಕಾಕ ಒಂದ ಎಸಳು ಇಲ್ಲ. ನಮ್ಮನ್ಯಾವ್ರು ತಾಟ ಸರಿಸಿ ಎದ್ದು ಹೊಂಟಾರ. ಈ ಡಬ್ಬಿ ತುಂಬ ಕಿತ್ತು ಕೊಡು, ನಿನಗ ಪುಣ್ಯ ಬರ್ತೈತಿ."

ನೀಲವ್ವ ತಲೆ ಎತ್ತಿದಳು. "ಬರೇ ಕರಿಬೇವು ಸಾಕೇನ್ರೀ?"

"ಬರೇ ಅಂದ್ರ? ಅದಿಲ್ಲದ ಸಾರು ಕುಡದು ನೋಡು, ಆಮ್ಯಾಲ ಬರೇ ಅನ್ನು!"

ನೀಲವ್ವ ಓಡಿದಳು. ಓಡಿದಳು ಎಂದರೆ ನಿಜವಾಗಿಯೂ ಓಡಿದಳು. ನನ್ನ ಹೊಟ್ಟೆ ತುಂಬ ಹಸಿರು ಎಸಳುಗಳನ್ನು ಒತ್ತಿ ಒತ್ತಿ ತುಂಬಿ ತಂದುಕೊಟ್ಟಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ನಂತರ ರಕ್ತ ಕಾಣಿಸಿತು. ಸಾವಂತ್ರವ್ವ, "ಸಂಜಿಗೆ ಬ್ಯಾಳಿ ಸಾರು ಕಳಸ್ತೇನಿ, ಉಂಡು ಡಬ್ಬಿ ತೊಳದಿಡು, ಮತ್ತ ಕರಿಬೇವು ಬೇಕು," ಎಂದು ಹುಕುಂ ಮಾಡಿ ಹೊರಟಳು.

ಮನೆಗೆ ಬಂದು ಅವಳು ನನ್ನನ್ನು ಹಿತ್ತಲಿನ ಕಟ್ಟೆಯ ಮೇಲೆ ಇಟ್ಟಳು. ನಾನು ತಲೆ ಎತ್ತಿ ನೋಡಿದೆ. ನನ್ನ ಮುಚ್ಚಳ ಹಾರಿಹೋಗುವುದೊಂದು ಬಾಕಿ! ಅಲ್ಲಿ ಮಾಡಿನ ಎತ್ತರಕ್ಕೆ ಬೆಳೆದ, ಮೈತುಂಬ ಎಲೆ ಹೊತ್ತ ಕರಿಬೇವಿನ ಗಿಡ ಗಾಳಿಗೆ ತೂಗುತ್ತಿತ್ತು. ಹುಳವೂ ಇಲ್ಲ, ಗಿಳವೂ ಇಲ್ಲ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದಳಲ್ಲ ಈ ಹೆಂಗಸು!

ಸಂಜೆ ಸಾರು ತುಂಬಿದ ನನ್ನನ್ನು ಹಿಡಿದು ಹೊರಟ ಅವಳು ನಳದ ಹತ್ತಿರ ಹಸೀನಾಳನ್ನು ಹಿಡಿದು ನಿಲ್ಲಿಸಿದಳು. "ಹಸೀನಾ, ನಿಮ್ಮ ಕರಿಬೇವಿನ ಗಿಡ ಒಣಗೇತಿ."

"ಇಲ್ಲಲ್ರೀ. ಯಾವಾಗ ಒಣಗ್ತು?"

"ಈಗ."

ಹಸೀನಾ ಅವಳ ಮುಖ ನೋಡಿದಳು, ಕೊನೆಯ ಮನೆಯ ಕಡೆ ನೋಡಿದಳು. "ಹೌದ್ರಿ," ಎಂದಳು ಮೆಲ್ಲಗೆ, "ಬುಡದಿಂದ ಒಣಗೇತಿ." ಪಾತ್ರೆ ನುಂಗುತ್ತಾಳೆ ಎಂದು ಆಡಿಕೊಂಡಿದ್ದವಳೂ ಅಲ್ಲೇ ನಿಂತಿದ್ದಳು. ಅವಳು ತುಂಬಿದ ಕೊಡವನ್ನು ಎತ್ತಿಕೊಳ್ಳುವುದನ್ನೇ ಮರೆತಳು. ಕತ್ತಲಾಗುವ ಹೊತ್ತಿಗೆ ಓಣಿಯ ಅಷ್ಟೂ ಕರಿಬೇವಿನ ಗಿಡಗಳು ಒಟ್ಟಿಗೇ ಒಣಗಿದ್ದವು.

ಆಮೇಲೆ ಏನು ಕೇಳುತ್ತೀರಿ! ಟಿಫಿನ್, ಬೋಗುಣಿ, ಪಾತೇಲಿ ಒಂದೊಂದಾಗಿ ಹಲಗೆಯಿಂದ ಇಳಿದು ಹಸಿರು ತುಂಬಿಕೊಂಡು ಮನೆಗೆ ಹೋದವು. ಮತ್ತೆ ಅನ್ನ ಹೊತ್ತು ಬಂದವು. ನೀಲವ್ವನ ಬಾಗಿಲು ಈಗ ಪೂರ್ತಿ ತೆರೆದಿರುತ್ತಿತ್ತು. ಅಕ್ಷತಾಳ ಕೆನ್ನೆ ತುಂಬಿತು. ಶೇಖಪ್ಪ ಗೋಡೆಗೆ ಒರಗಿ ಕೂರುವಷ್ಟಾದ. ಓಣಿಯಲ್ಲಿ ಮಾತ್ರ ಗಂಡಸರಿಗೆಲ್ಲ ಸಂಕಟ. ಸಾರಿನಲ್ಲಿ ಕರಿಬೇವು, ಪಲ್ಯದಲ್ಲಿ ಕರಿಬೇವು, ಚಟ್ನಿಪುಡಿ ಕರಿಬೇವಿನದು, ಮಜ್ಜಿಗೆಯಲ್ಲೂ ಕರಿಬೇವು. ಸಾವಂತ್ರವ್ವನ ಗಂಡ ಒಮ್ಮೆ, "ನಾವೇನು ಮನಷ್ಯಾರೋ, ಆಡೋ?" ಎಂದು ಕೇಳಿದ. "ಸುಮ್ಮನ ಮೇಯ್ರಿ," ಎಂದಳು ಅವಳು.

ಈಗ ನಾನು ಅಟ್ಟದ ಮೇಲಿದ್ದೇನೆ. ಹಿಡಿಕೆ ಒಂದು ಕಡೆ ಬಿಟ್ಟಿದೆ, ಮುಚ್ಚಳ ಕೂರುವುದಿಲ್ಲ. ಸಾವಂತ್ರವ್ವನ ಸೊಸೆ ಬಣ್ಣಬಣ್ಣದ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದಿದ್ದಾಳೆ. ಶೇಖಪ್ಪ ನಡೆದನೇ ಎಂದು ಕೇಳುವಿರಿ. ನಡೆದ, ಕೋಲು ಹಿಡಿದು. ಅಂಗಡಿಗಳ ಹೆಸರಿನ ಬೋರ್ಡುಗಳನ್ನು ಕೂತಲ್ಲೇ ಬರೆದು ಮಗಳನ್ನು ಓದಿಸಿದ. ನನಗೆ ಇಲ್ಲಿ ಧೂಳು ಕುಡಿಯುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಹಾಗಾಗಿ ಯೋಚಿಸುತ್ತೇನೆ. ಕೊಡುವುದು ದೊಡ್ಡದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ಅನಿಸುತ್ತದೆ, ಕೊಟ್ಟವರು ಇಸಿದುಕೊಳ್ಳಲು ಕೈ ಚಾಚುವುದು ಅದಕ್ಕಿಂತ ದೊಡ್ಡದು. ಹಾಗೆ ಅನಿಸುವಂತೆ ಮಾಡಿದ ಒಂದು ಮಧ್ಯಾಹ್ನವಿದೆ. ಶೇಖಪ್ಪ ಇನ್ನೂ ಹಾಸಿಗೆಯಲ್ಲೇ ಇದ್ದಾಗಿನದು, ಎಲ್ಲವೂ ಕೆಟ್ಟುಹೋಗಲಿದ್ದ ಮಧ್ಯಾಹ್ನ. ಅದನ್ನು ಹೇಳಿ ಸುಮ್ಮನಾಗುತ್ತೇನೆ.

ಅಂದು ನೀಲವ್ವ ನನ್ನನ್ನು ಎತ್ತಿಕೊಂಡು ತಾನೇ ಸಾವಂತ್ರವ್ವನ ಮನೆಗೆ ಹೊರಟಳು. ಗಂಡ ಬಿದ್ದ ಮೇಲೆ ಅವಳು ಇನ್ನೊಬ್ಬರ ಮನೆಗೆ ಹೋದದ್ದು ಅದೇ ಮೊದಲು. ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅವಳ ಗಿಡ ಬೋಳಾಗಿತ್ತು. ತುದಿಯ ಚಿಗುರನ್ನೂ ಬಿಡದೆ ಕಿತ್ತು ಓಣಿಗೆ ಹಂಚಿ ಮುಗಿಸಿದ್ದಳು. ಮುಂಬಾಗಿಲು ಹಾಕಿದ್ದರಿಂದ ಅವಳು ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ ಬಂದಳು. ನಾನು ಕೂಗಿಕೊಳ್ಳಬೇಕೆಂದುಕೊಂಡೆ. ಡಬ್ಬಿಗೆ ದನಿ ಎಲ್ಲಿಂದ ಬರಬೇಕು?

ಸಾವಂತ್ರವ್ವ ಬಟ್ಟೆ ಒಗೆಯುತ್ತಿದ್ದಳು. ಅವಳ ತಲೆಯ ಮೇಲೆ ಕರಿಬೇವಿನ ಗಿಡ ಹಸಿರಾಗಿ ಹರಡಿ ನೆರಳು ಕೊಡುತ್ತಿತ್ತು. ನೀಲವ್ವ ನಿಂತಲ್ಲೇ ನಿಂತಳು. ಅವಳ ಕಣ್ಣು ಬುಡದಿಂದ ತುದಿಯವರೆಗೆ ಹೋಗಿ ಮತ್ತೆ ಬುಡಕ್ಕೆ ಬಂತು.

ಓಣಿಯನ್ನೇ ನಡುಗಿಸುವ ಸಾವಂತ್ರವ್ವನ ಬಾಯಿ ಕಟ್ಟಿಹೋಯಿತು. "ಅದು... ಅದು ಮತ್ತ ಚಿಗಿತವ್ವ," ಎಂದಳು. ತೊಡೆಯಷ್ಟು ದಪ್ಪದ ಬುಡವಿತ್ತು ಆ ಗಿಡಕ್ಕೆ. ಮುಗಿಯಿತು ಎಂದುಕೊಂಡೆ. ಇಷ್ಟು ದಿನ ತನ್ನನ್ನು ಮಗುವಿನಂತೆ ನಂಬಿಸಿದರು ಎಂದು ಇವಳಿಗೆ ಅವಮಾನವಾಗುತ್ತದೆ. ನಾಳೆಯಿಂದ ಆ ಬಾಗಿಲು ಮುಚ್ಚುತ್ತದೆ, ಇನ್ನೆಂದೂ ತೆರೆಯುವುದಿಲ್ಲ. ನೀಲವ್ವನ ಗಲ್ಲದಿಂದ ಒಂದು ಹನಿ ನನ್ನ ಮುಚ್ಚಳದ ಮೇಲೆ ಬಿತ್ತು.

ಆಮೇಲೆ ಅವಳು ಎರಡು ಹೆಜ್ಜೆ ಮುಂದೆ ಬಂದು ಮುಚ್ಚಳ ತೆಗೆದಳು.

"ಅಕ್ಕಾರ, ನಮ್ಮ ಗಿಡ ಬೋಳಾತ್ರಿ," ಎಂದಳು. "ನಿಮ್ಮ ಒಣಗಿದ ಗಿಡದಾಗಿಂದ ನಾಕ ಎಸಳು ಕೊಡ್ರಿ. ನಿಮ್ಮ ಡಬ್ಬಿ ಖಾಲಿ ಹೆಂಗ ಕೊಡ್ಲಿ?"

ಸಾವಂತ್ರವ್ವ ಒದ್ದೆ ಕೈಯಲ್ಲೇ ಎದ್ದು ಕೊಂಬೆ ಬಗ್ಗಿಸಿ ಹಿಡಿದಳು. ನೀಲವ್ವ ಕಿತ್ತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನ್ನ ಹೊಟ್ಟೆ ತುಂಬಿದ ಮೇಲೆ ನೀಲವ್ವ ಮುಚ್ಚಳ ಒತ್ತಿ, ಎರಡೂ ಕೈಯಿಂದ ನನ್ನನ್ನು ಮುಂದೆ ಚಾಚಿದಳು. ಸಾವಂತ್ರವ್ವ ಸೆರಗು ಒಡ್ಡಿ, ತನ್ನದೇ ಗಿಡದ ಎಲೆಯನ್ನು ಇಸಿದುಕೊಂಡಳು.

"ಇಷ್ಟೆಲ್ಲಾ ಯಾಕ ತರಾಕ ಹೋದಿ ಯವ್ವಾ?" ಎಂದಳು.