ಸಿರಿಲ್ ಕೈಯ ಉಣ್ಣೆ

ಸೀಮೆಸುಣ್ಣದ ಗುಡ್ಡದ ಓರೆಯಲ್ಲಿ ಹೆಸ್ಟರ್ ಟಪ್ಪೆನ್ ಡೇರೆ ಹಾಕಲು ಹೆಣಗುತ್ತಿದ್ದಳು. ಮೇಲೆ ಗಿಡ್ಡ ಹುಲ್ಲು, ಅದರಡಿ ಬರೀ ಸುಣ್ಣ, ಚಕಮಕಿ ಕಲ್ಲು. ಗೂಟ ಇಳಿಯಲೊಲ್ಲದು. ಡೇರೆ ಅವಳ ಗಂಡ ಸಿರಿಲ್‌ನದು. ಕುರಿ ಈಯುವ ಕಾಲದಲ್ಲಿ ಅವನು ಇಲ್ಲೇ ಒಬ್ಬನೇ ಮಲಗುತ್ತಿದ್ದ. "ಒಂದು ಸಲ ಬಾರೇ, ಮೇಲಿಂದ ಸಮುದ್ರ ಕಾಣುತ್ತೆ" ಎಂದು ಕರೆಯುತ್ತಿದ್ದ. ಅವಳು ಬಂದಿರಲಿಲ್ಲ. ಈಗ, ಅವನನ್ನು ಮಣ್ಣು ಮಾಡಿದ ಮೇಲೆ, ಬಂದಿದ್ದಳು.

ಇಳಿಹೊತ್ತಿಗೆ, ಸಿರಿಲ್ ಕಾಯುತ್ತಿದ್ದ ಕುರಿಗಳ ಒಡೆಯ ನೆವಿಲ್ ಗಾಡಿ ಗುಡುಗಿಸುತ್ತ ಬಂದ.

"ಅಯ್ಯೋ, ಮಿಸೆಸ್ ಟಪ್ಪೆನ್! ಯಾರೋ ಕಾಲೇಜು ಹುಡುಗರು ಠಿಕಾಣಿ ಹೂಡಿದಾರೆ ಅಂತ ಬೈಯೋಕೆ ಬಂದ್ರೆ, ನೀವು!"

"ಬೈದುಬಿಡು. ಇಲ್ಲಿ ಮಲಗಬಾರದು ಅಂತ ನಂಗೂ ಗೊತ್ತು."

"ನಿಮ್ಮನ್ನ ಬೈದ್ರೆ ಸಿರಿಲ್ ಎದ್ದು ಬಂದಾರು. ಅಲ್ಲ, ನಾಳೆ ಭಾನುವಾರ. ಚರ್ಚು?"

"ಬೆಳಗಾಗುತ್ಲೂ ಇಳೀತೀನಿ. ನಾನು ತಪ್ಪಿಸೋಳಲ್ಲ."

"ತಪ್ಪಿಸೋದೆಲ್ಲ ಸಿರಿಲ್ ಪಾಲಿಗೇ ಬಂತು!" ನೆವಿಲ್ ನಕ್ಕ. "ಆದ್ರೂ ಚಿಂತೆ ಇಲ್ಲ ಬಿಡಿ. ಕೈಯಲ್ಲಿ ಉಣ್ಣೆ ಕೊಟ್ಟು ಕಳಿಸಿದೀವಲ್ಲ. ಗಂಟೆ ಕಟ್ಟಿದ ಹಳೇ ಕುರೀದು, ನಾನೇ ಕತ್ತರಿಸಿ ಇಟ್ಟೆ."

ಹೆಸ್ಟರ್ ಗೂಟದ ಕಡೆ ಬಗ್ಗಿದಳು.

ಆ ಸೀಮೆಯಲ್ಲಿ ಕುರಿ ಕಾಯುವವನನ್ನು ಹೂಳುವಾಗ ಅಂಗೈಯಲ್ಲಿ ಒಂದಿಷ್ಟು ಉಣ್ಣೆ ಇಡುತ್ತಾರೆ. ಭಾನುವಾರ ನನ್ನ ಮನೆಗೆ ಏಕೆ ಬರಲಿಲ್ಲ ಎಂದು ದೇವರು ಕೇಳಿದರೆ, ಕುರಿ ಬಿಟ್ಟು ಬರಲಾಗಲಿಲ್ಲ ಎಂದು ಅದನ್ನು ತೋರಿಸಲಿ ಅಂತ. ನೆವಿಲ್ ಇಟ್ಟದ್ದು ನಿಜ. ಪೆಟ್ಟಿಗೆ ಮುಚ್ಚುವ ಮುನ್ನ ಆ ತಣ್ಣನೆಯ ಬೆರಳುಗಳನ್ನು ಬಿಡಿಸಿ ಅದನ್ನು ತೆಗೆದುಕೊಂಡವಳು ಹೆಸ್ಟರ್. ಮದುವೆಯಾದಾಗಿನಿಂದ ಚರ್ಚಿನ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿಯಿಟ್ಟುಕೊಂಡು ಕೂತವಳು. ಇಷ್ಟು ಸುಲಭವಾಗಿ ನುಣುಚಿಕೊಳ್ಳಬೇಡ, ದೇವರಿಗೆ ಬಾಯಿಬಿಟ್ಟು ಉತ್ತರ ಹೇಳು ಎಂದುಕೊಂಡಿದ್ದಳು. ಅದನ್ನು ಭಕ್ತಿಯೆಂದು ತಿಳಿದಿದ್ದಳು. ಅದು ಹಠ. ಉಣ್ಣೆ ಈಗ ಅವಳ ಕೋಟಿನ ಜೇಬಿನಲ್ಲಿತ್ತು. ಅವನು ಡೇರೆ ಹಾಕಿ ಮಲಗುತ್ತಿದ್ದ ಜಾಗದಲ್ಲೇ ಅದನ್ನು ಹೂತು, ಕ್ಷಮೆ ಕೇಳಿ, ಇಳಿದುಹೋಗಬೇಕೆಂದು ಬಂದಿದ್ದಳು.

ಇರುಳೆಲ್ಲ ಮೈ ಓರೆಯಲ್ಲಿ ಕೆಳಕ್ಕೆ ಜಾರುತ್ತಿತ್ತು. ಪ್ರಾರ್ಥನೆಗೆ ಕೂತರೆ "ಪ್ರಭುವೇ" ಎಂಬುದರ ಮುಂದೆ ಮಾತು ಏಳಲಿಲ್ಲ. ಬೆಳಗಿನ ಮಬ್ಬಿನಲ್ಲಿ ಚಮಚದಿಂದ ಅಗೆದಳು. ಕಲ್ಲಿಗೆ ತಾಗಿ ಚಮಚ ಬಾಗಿತು.

ಆಗ ಕೆಳಗಿನ ತಗ್ಗಿನಲ್ಲಿ ನಾಲ್ಕು ಕಾಲು ಆಕಾಶಕ್ಕೆ ಒದೆಯುವುದು ಕಂಡಿತು. ಉಣ್ಣೆ ತುಂಬಿದ ಕುರಿಯೊಂದು ಅಂಗಾತ ಬಿದ್ದಿತ್ತು. ತಾನಾಗಿ ಅದು ಏಳಲಾರದು. ಹೊಟ್ಟೆ ಉಬ್ಬಿ ಸಾಯುತ್ತದೆ, ಅಷ್ಟರೊಳಗೇ ಕಾಗೆಗಳು ಕಣ್ಣು ಕೀಳುತ್ತವೆ. ಸಿರಿಲ್ ಊಟಕ್ಕೆ ಕೂತು ಹೇಳುತ್ತಿದ್ದುದನ್ನು ಅವಳು ಅರೆಕಿವಿಯಲ್ಲಿ ಕೇಳಿದ್ದಳು. ಓಡಿಹೋಗಿ ತುಪ್ಪಟ ಹಿಡಿದು ಎಳೆದು ಹೊರಳಿಸಿದಳು. ಎದ್ದ ಕುರಿ ವಾಲಿತು. ಎರಡು ಮೊಣಕಾಲುಗಳ ನಡುವೆ ಅದನ್ನು ಒತ್ತಿ ಹಿಡಿದು ನಿಂತಳು. ಬಿಟ್ಟರೆ ಮತ್ತೆ ಬೀಳುತ್ತಿತ್ತು.

ಕೆಳಗಿನ ಊರಿನಿಂದ ಚರ್ಚಿನ ಗಂಟೆ ಕೇಳಿಸಿತು. ಹೆಸ್ಟರ್ ಅಲುಗಲಿಲ್ಲ. ಗಂಟೆ ನಿಂತಿತು.

ನೆವಿಲ್ ಬಂದಾಗಲೂ ಹಾಗೇ ನಿಂತಿದ್ದಳು.

"ಹೋಯ್ತಲ್ಲ ನಿಮ್ಮ ಚರ್ಚು!"

"ನೆವಿಲ್, ನೀನಿಟ್ಟ ಉಣ್ಣೆ ನಾನು ತೆಗೆದುಬಿಟ್ಟೆ. ಅವರು ಬರಿಗೈಲಿ ಹೋದ್ರು."

ನೆವಿಲ್‌ನ ಮುಖದಿಂದ ನಗು ಇಳಿಯಿತು.

"ಅಂಥದ್ದೇನು ಮಾಡಿದ್ರು ಅವರು ನಿಮಗೆ?"

"ಏನೂ ಮಾಡ್ಲಿಲ್ಲ." ಜಿಡ್ಡು ಹತ್ತಿದ ಕೈಯನ್ನು ಜೇಬಿಗೆ ಹಾಕಿ ಉಣ್ಣೆ ತೆಗೆದಳು. "ಇದನ್ನ ನೀನೇ ಇಟ್ಕೋ. ನನ್ನ ಪೆಟ್ಟಿಗೆ ಮುಚ್ಚೋವಾಗ ನನ್ನ ಕೈಯಲ್ಲಿಡು. ನಾನೇ ತಲುಪಿಸ್ತೀನಿ."

"ಅಲ್ಲೀತನಕ ಅವರು ದೇವರಿಗೆ ಏನು ಹೇಳ್ಬೇಕು?"

"ಹೆಂಡತಿ ತರ್ತಾಳೆ ಅಂತಿರ್ತಾರೆ," ಎಂದಳು ಹೆಸ್ಟರ್. "ನನ್ನ ಮೇಲೆ ದೂರು ಹೇಳೋ ಪೈಕಿ ಅಲ್ಲ, ಪಾಪ."

ನೆವಿಲ್ ಉಣ್ಣೆಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು, ಕುರಿಯ ಇನ್ನೊಂದು ಬದಿಗೆ ಬಂದು ಹೆಗಲು ಕೊಟ್ಟ.