ಮೊಟ್ಟೆಯಿಡುವ ಕಾಲ

"ಹೆಣ ಎಲ್ಲಿಗೂ ಓಡಿಹೋಗಲ್ಲ ಕಣಮ್ಮ. ಹಕ್ಕಿ ಒಂದ್ಸಲ ಎದ್ದು ಹೋದ್ರೆ ಮೊಟ್ಟೆಗೆ ವಾಪಸ್ ಬರಲ್ಲ. ಅಷ್ಟೂ ತಲೆಗೆ ಹೋಗಲ್ವಾ?"

ಅರಣ್ಯ ಇಲಾಖೆಯ ಅಧಿಕಾರಿ ಕುರ್ಚಿಯಿಂದ ಏಳಲಿಲ್ಲ. ಅತ್ತಿಗೆ ಮತ್ತು ನಾನು ಹೊಸ್ತಿಲಾಚೆ ನಿಂತಿದ್ದೆವು. ಮೀನು ನಾರುವವರಿಗೆ ಒಳಗೆ ಜಾಗವಿರಲಿಲ್ಲ. ಇಲಾಖೆಯವರು ಹಕ್ಕಿಗಳ ದ್ವೀಪದ ಸುತ್ತ ಕೆಂಪು ತೇಲುಬುರುಡೆ ಕಟ್ಟಿ, ಒಳಗೆ ದೋಣಿ ಬರಕೂಡದೆಂದ ಮೇಲೆ ನಾವು ಬಯಲು ಕಡಲಲ್ಲಿ ಸುತ್ತುಹಾಕಿ ಮೀನಿಗೆ ಹೋಗುತ್ತಿದ್ದೆವು. ಹಾಗೆ ಹೋದ ಅತ್ತಿಗೆಯ ಮಗನ ದೋಣಿ ಗಾಳಿಗೆ ಮಗುಚಿತು. ಅಲೆ ಅವನನ್ನು ದ್ವೀಪದ ಬಂಡೆಯ ಮೇಲೆ ಎಸೆದಿತ್ತು. ಹೆಣ ತರಲು ಅಪ್ಪಣೆ ಕೇಳಿದರೆ ಅಂದಿನಿಂದ ದಿನವೂ "ನಾಳೆ ಬಾ."

"ಇಂಜಿನ್ ಹಾಕಲ್ಲ ಸಾಹೇಬ್ರೇ," ಎಂದೆ. "ಹುಟ್ಟಿಗೆ ಬಟ್ಟೆ ಸುತ್ಕೊಂಡು ಹೋಗ್ತೀವಿ. ನಮ್ಮಪ್ಪ ಹಂಗೇ ಹೋಗ್ತಿದ್ದ, ಒಂದು ಹಕ್ಕೀಗೂ ಗೊತ್ತಾಗ್ತಿರ್ಲಿಲ್ಲ."

"ಮೊಟ್ಟೆ ಕದಿಯೋಕೆ ತಾನೇ? ಕಳ್ಳ ನನ್ಮಗನೇ, ನನ್ನೆದುರೇ ಬೊಗಳ್ತೀಯಲ್ಲೋ!"

ನಾನು ನಾಲಿಗೆ ಕಚ್ಚಿಕೊಂಡೆ.

ಅಧಿಕಾರಿಯ ಸಹಾಯಕ, ಡ್ರೋನ್ ತೆಗೆದ ಹೆಣದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನಮ್ಮತ್ತ ತಿರುಗಿಸಿದ. ಮುಖ ಉಳಿದಿರಲಿಲ್ಲ.

"ನಿನ್ನ ಮಗನೇನಾ?"

"ಅಂಗಿ ಅವನದೇ," ಎಂದಳು ಅತ್ತಿಗೆ.

"ಸರ್, ಕಂಕುಳ ಹತ್ರ ನೋಡಿ! ಮೊಟ್ಟೆ!"

ಈಗ ಅಧಿಕಾರಿ ಎದ್ದ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಮೊಮ್ಮಗುವನ್ನು ಕಂಡವನಂತೆ ನಕ್ಕ.

"ಇನ್ನು ಮುಟ್ಟೋ ಹಾಗೇ ಇಲ್ಲ. ಅದು ಗೂಡು."

"ಅದು ನನ್ನ ಮಗ."

"ಮರಿ ಹಾರೋ ತನಕ ಗೂಡು. ನಡೀರಿ, ನೆಲ ಒರೆಸ್ಬೇಕು."

ಮರುದಿನ ಬೆಳಗ್ಗೆ ಅತ್ತಿಗೆ ಮಗನ ಹಾಸಿಗೆಯ ಬಟ್ಟೆ ಹರಿದು ಹುಟ್ಟಿಗೆ ಸುತ್ತಿದಳು. ತೇಲುಬುರುಡೆ ದಾಟಿ ಬಂಡೆ ಹತ್ತುವಷ್ಟರಲ್ಲಿ ಹಿಂದಿನಿಂದ ಕಾವಲು ಲಾಂಚು ಸೈರನ್ ಹಾಕಿಕೊಂಡು ಬಂತು. ಇಡೀ ದ್ವೀಪ ಕಿರುಚುತ್ತಾ ಮೇಲೆದ್ದಿತು. ಹಕ್ಕಿಗಳು ನಮ್ಮ ನೆತ್ತಿ ಕುಕ್ಕಿದವು.

"ಲೇ ಮುಂಡೆ, ಮೊಟ್ಟೆ ಮುಟ್ಬೇಡ ಕಣೇ! ಮೊಟ್ಟೆ!" ಧ್ವನಿವರ್ಧಕದಲ್ಲಿ ಅಧಿಕಾರಿಯ ಗಂಟಲು.

ಅತ್ತಿಗೆ ಮಗನ ಕಂಕುಳಿಂದ ಮೊಟ್ಟೆ ತೆಗೆದಳು. ಲಾಂಚಿನತ್ತ ತಿರುಗಿ, ಕೈಯನ್ನು ಎಲ್ಲರಿಗೂ ಕಾಣುವಷ್ಟು ಮೇಲೆತ್ತಿ, ಮುಷ್ಟಿ ಬಿಗಿದಳು. ಹಳದಿ ಮೊಣಕೈವರೆಗೆ ಇಳಿಯಿತು. ಅದರಲ್ಲಿ ನೂಲಿನಂಥ ಕೆಂಪು ನರಗಳು. ನಡುವೆ ಚುಕ್ಕೆಯಷ್ಟಿದ್ದದ್ದೊಂದು ಇನ್ನೂ ಮಿಡಿಯುತ್ತಿತ್ತು.

ಅವಳು ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಭುಜ ಹಿಡ್ಕೊಳೋ. ನಾನು ಕಾಲು ಹಿಡೀತೀನಿ."

ಹಿಡಿದು ಎತ್ತಿದೆ. ತೋಳು ಅಂಗಿಯ ಸಮೇತ ನನ್ನ ಕೈಗೇ ಬಂತು.